ನಾಲ್ಕು ಮಂದಿ ಹೆಂಗಸರು, 140 ಎಲಿ

ನವೆಂಬರ್ ಬಂತಂದ್ರ ಊರಿಂದ ಬರೋ ಪ್ರತಿ ಫೋನಿನೊಳಗೂ ಇದೊಂದು ಪ್ರಶ್ನೆ ಇದ್ದ ಇರತದ. "ನಿಮಗ ನಾಲ್ಕು ದಿನಾ ಸೂಟಿ ಅಂತಲ್ಲ, ಅದು ಯಾವ ಹಬ್ಬನ? ಯಾವ ದೇವರದು?" ಅಂತ ಅಬಚಿ ಕೇಳ್ತಾರ. ವೈನಿ ಇನ್ನೊಂದು ಹೆಜ್ಜಿ ಮುಂದ ಹೋಗಿ "ನೈವೇದ್ಯಕ್ಕ ಏನ ಮಾಡ್ತಾರ?" ಅಂತಾರ. ಥ್ಯಾಂಕ್ಸ್‌ಗಿವಿಂಗ್ ಅಂದ್ರ ಮೂರ್ತಿ ಇಲ್ಲದ ಹಬ್ಬ ಅಂತ ಹೇಳಿದ್ರ ಇಬ್ಬರಿಗೂ ಸಮಾಧಾನ ಆಗಂಗಿಲ್ಲ. ತಿಥಿ ಇಲ್ಲ, ಮಡಿ ಇಲ್ಲ, ಮಂಗಳಾರತಿ ಇಲ್ಲ. ನವೆಂಬರಿನ ನಾಲ್ಕನೇ ಗುರುವಾರ ಮಂದಿ ಎಲ್ಲೆಲ್ಲಿಂದಲೋ ತಮ್ಮ ತಮ್ಮ ಮನಿಗೆ ಬರತಾರ, ಕೂಡಿ ಉಣತಾರ, ಅಷ್ಟ. ಪೂಜಿ ಅನ್ನೋದೇನಿದ್ರೂ ಅದು ಅಡಿಗಿಮನ್ಯಾಗನ ನಡೀತದ.

ನಾವು ನ್ಯೂಜೆರ್ಸಿಗೆ ಬಂದು 22 ವರ್ಷ ಆತು. ಮೊದಲಿನ ನಾಲ್ಕೈದು ವರ್ಷ ಬ್ಯಾರೆಯವರ ಮನಿಗೆ ಉಣ್ಣಲಿಕ್ಕೆ ಹೋದ್ವಿ, ಆಮ್ಯಾಲೆ ನಮ್ಮ ಮನ್ಯಾಗನ ಶುರು ಆತು. ಈಗ ಪ್ರತಿ ವರ್ಷ ಹದಿನೆಂಟರಿಂದ ಇಪ್ಪತ್ತೆರಡು ಮಂದಿ ಆಗತಾರ. ಹಿಂಗ ಮನ್ಯಾಗ ಮಂದಿ ಕೂಡಿಸಿ ಉಣಬಡಿಸೋದು ಒಂದು ದೇಶದ ಹಬ್ಬ ಹೆಂಗಾತು ಅಂತ ತಿಳಕೋಬೇಕು ಅನ್ನಿಸ್ತು. ಗ್ರಂಥಾಲಯದಿಂದ ಪುಸ್ತಕ ತಂದು ಓದಲಿಕ್ಕೆ ಹತ್ತಿದೆ. ಓದಿದಂಗೆಲ್ಲಾ ತಲಿಯೊಳಗ ಒಂದ ಮಾತು: ಅಡಿಗಿ ಯಾರು ಮಾಡಿದ್ರು? ನಮ್ಮಂಥವರಿಗೆ ಮೊದಲು ಹೊಳಿಯೋದು ಅದ ಅಲ್ಲೇನ್ರಿ.

ಎಲ್ಲಾರೂ ಹೇಳೋ ಕತಿ 1621ನೇ ಇಸವಿದು. ಹಿಂದಿನ ವರ್ಷ ಇಂಗ್ಲೆಂಡಿನಿಂದ 'ಮೇಫ್ಲವರ್' ಅನ್ನೋ ಹಡಗಿನೊಳಗ 102 ಮಂದಿ ಹೊಂಟು, ಚಳಿಗಾಲದ ಬಾಯಿಗೇ ಬಂದು, ಈಗಿನ ಮ್ಯಾಸಚೂಸೆಟ್ಸ್ ರಾಜ್ಯದ ದಂಡಿಗೆ ಇಳದಿದ್ರು. ಇಳದ ಜಾಗಾಕ್ಕ ಪ್ಲಿಮತ್ ಅಂತ ಹೆಸರು. ಇರಲಿಕ್ಕೆ ಮನಿ ಇಲ್ಲ, ಉಣ್ಣಲಿಕ್ಕೆ ಕಾಳಿಲ್ಲ. ಆ ಮೊದಲನೇ ಚಳಿಗಾಲದೊಳಗ ಹೆಚ್ಚು ಕಡಿಮಿ ಅರ್ಧಾ ಮಂದಿ ಸತ್ತುಹೋದ್ರು. ದೊಡ್ಡ ಹೆಂಗಸರು ಬಂದವರು 18 ಮಂದಿ. ಮರುವರ್ಷದ ಸುಗ್ಗಿಯ ಹೊತ್ತಿಗೆ ಉಳದವರು ನಾಲ್ಕ ಮಂದಿ.

ಸುಗ್ಗಿ ಮುಗದ ಮ್ಯಾಲೆ ನಡದ ಊಟದ ಸುದ್ದಿ ನಮಗ ಸಿಗೋದು ಒಂದ ಪತ್ರದೊಳಗ. ಎಡ್ವರ್ಡ್ ವಿನ್ಸ್ಲೋ ಅನ್ನೋವ 1621ರ ಡಿಸೆಂಬರ್ 11ಕ್ಕ ಇಂಗ್ಲೆಂಡಿಗೆ ಬರದ ಪತ್ರ. ಮನಿತನದ ಮನಶ್ಯಾ ಬರದಂಗ ಎಲ್ಲಾ ಲೆಕ್ಕಾ ಕೊಟ್ಟಾನ. ಇಪ್ಪತ್ತು ಎಕರೆ ಗೋವಿನಜೋಳ ಹಾಕಿದ್ವಿ, ಛಲೋ ಬಂತು. ಬಟಾಣಿ ಬಿಸಲಿಗೆ ಸುಟ್ಟುಹೋತು. ಏಳು ಮನಿ ಕಟ್ಟೀವಿ. ಆಮ್ಯಾಲೆ ಊಟದ ಸುದ್ದಿ. ನಾಲ್ಕು ಮಂದಿ ಗಂಡಸರನ್ನ ಹಕ್ಕಿ ಹೊಡಿಲಿಕ್ಕೆ ಕಳಿಸಿದ್ರಂತ, ಅವರು ಒಂದ ದಿನದೊಳಗ ಊರಿಗೆಲ್ಲಾ ಹೆಚ್ಚು ಕಡಿಮಿ ಒಂದು ವಾರಕ್ಕ ಸಾಲೋವಷ್ಟು ಹಕ್ಕಿ ತಂದ್ರಂತ. ಆ ನೆಲದ ಮೂಲ ಮಂದಿ ವಾಂಪನೋಆಗ್. ಅವರ ಮುಖ್ಯಸ್ಥ ಮ್ಯಾಸಸಾಯಿಟ್ ತನ್ನ ಕಡೆ ಸುಮಾರು 90 ಮಂದಿ ಗಂಡಸರನ್ನ ಕರಕೊಂಡು ಬಂದ. ಮೂರು ದಿನಾ ಊಟ ನಡೀತು. ಬಂದವರು ಹೊರಗ ಹೋಗಿ ಐದು ಜಿಂಕಿ ಹೊಡಕೊಂಡು ಬಂದು ಕೊಟ್ರು. ಪತ್ರದೊಳಗ ಇರೋದು ಇಷ್ಟ.

ಹಕ್ಕಿ ಹೊಡದ ನಾಲ್ಕು ಗಂಡಸರು ಪತ್ರದಾಗ ಬಂದಾರ. ಆ ಹಕ್ಕಿ ಪುಕ್ಕಾ ಕಿತ್ತು, ತೊಳದು, ಬೇಯಿಸಿ, ಬಡಿಸಿದವರು ಬಂದಿಲ್ಲ. ಮಜಾ ಏನಂದ್ರ, ಪತ್ರಾ ಬರದವನ ಹೆಂಡತಿ ಸುಸಾನಾ ಆ ನಾಲ್ಕು ಹೆಂಗಸರೊಳಗ ಒಬ್ಬಾಕಿ! ಆಕೀದು ದೊಡ್ಡ ಕತಿ. ಹಡಗು ಇನ್ನೂ ದಂಡಿಗೆ ನಿಂತಿದ್ದಾಗನ ಗಂಡು ಮಗು ಹಡದ್ಲು. ಮುಂದ ಫೆಬ್ರುವರಿಯೊಳಗ ಮೊದಲನೇ ಗಂಡ ತೀರಿಕೊಂಡ. ವಿನ್ಸ್ಲೋನ ಮೊದಲನೇ ಹೆಂಡತಿನೂ ಮಾರ್ಚಿನೊಳಗ ತೀರಿಕೊಂಡ್ಲು. ಮೇ ತಿಂಗಳಿಗೆ ಇವರಿಬ್ಬರ ಲಗ್ನಾ ಆತು, ಆ ಊರಿನ ಮೊದಲನೇ ಲಗ್ನ. ಕೂಸಿಗೆ ಇನ್ನೂ ವರ್ಷ ತುಂಬೋದ್ರಾಗ ಈ ಮೂರು ದಿನದ ಊಟ ಬಂತು. ಇನ್ನೊಬ್ಬಾಕಿ ಎಲಿಜಬೆತ್ ಹಾಪ್ಕಿನ್ಸ್, ನಡು ಸಮುದ್ರದಾಗ ಹಡದಾಕಿ. ಕೂಸಿಗೆ ಓಷಿಯಾನಸ್ ಅಂತ ಹೆಸರಿಟ್ಟಿದ್ರು. ಮೂರನೇದಾಕಿ ಮೇರಿ ಬ್ರೂಸ್ಟರ್, ನಾಲ್ವರೊಳಗ ಹಿರಿಯಾಕಿ. ನಾಲ್ಕನೇದಾಕಿ ಎಲಿನಾರ್ ಬಿಲ್ಲಿಂಗ್ಟನ್. ಈಕಿ ಬಾಯಿ ಜೋರು ಇದ್ದಂಗ ಕಾಣ್ತದ, ಮುಂದ 1636ರೊಳಗ ಒಬ್ಬರ ಮ್ಯಾಲೆ ಇಲ್ಲದ್ದು ಆಡಿದ್ಲು ಅಂತ ಊರವರು ಚಡಿ ಏಟಿನ ಶಿಕ್ಷಾ ಕೊಟ್ರು. ಹೆಸರು ದಫ್ತರಿನೊಳಗ ಉಳೀಬೇಕಂದ್ರ ಒಂದು ಹಡೀಬೇಕು, ಇಲ್ಲಾ ಏಟು ತಿನ್ನಬೇಕು ನೋಡ್ರಿ. ಅಡಿಗಿ ಮಾಡಿದ್ರ ಉಳಿಯಂಗಿಲ್ಲ.

ಈಗ ನೀವ ಲೆಕ್ಕಾ ಹಾಕ್ರಿ. ಊರವರು ಸುಮಾರು 50, ಬಂದವರು 90. ಒಟ್ಟು 140 ಎಲಿ. ನಮ್ಮಲ್ಲೆ ಆದ್ರ ಮುಂಜಿವಿ ಊಟದಷ್ಟು ಆತು. ಮೂರು ಪಂಕ್ತಿ, ಅದೂ ಮೂರು ದಿನಾ. ಏಳು ಮನಿಯ ಒಲಿ, ಹಿಟ್ಟಿನ ಗಿರಣಿ ಇಲ್ಲ, ಕಾಳು ಒಳ್ಳಿನೊಳಗ ಕುಟ್ಟಬೇಕು. ದೊಡ್ಡ ಹೆಂಗಸರು ನಾಲ್ಕು ಮಂದಿ, ಜೋಡಿಗೆ ಒಂದಿಷ್ಟು ಹರೇದ ಹುಡಿಗ್ಯಾರು. ಜಿಂಕಿ ತಂದವರು ತಾವ ಸುಟ್ಟಕೊಂಡಿರಬಹುದು, ಗಂಡಸರು ಕಟ್ಟಿಗಿ ಒಡದು ನೀರು ಹೊತ್ತಿರಬಹುದು. ಆದ್ರೂ ಆ ಕಾಲದ ಇಂಗ್ಲಿಷ್ ಮನಿಯೊಳಗ ಒಲಿ ಮುಂದ ಯಾರು ಇರತಿದ್ರು ಅನ್ನೋದಕ್ಕ ಪತ್ರಾ ಬೇಕಾಗಿಲ್ಲ. ಒಂಬತ್ತು ತಿಂಗಳೊಳಗ ಹದಿನಾಲ್ಕು ಮಂದಿ ಗೆಳತ್ಯಾರನ್ನ ಮಣ್ಣು ಮಾಡಿ ಬಂದ ನಾಲ್ಕು ಮಂದಿ, ಅತ್ತು ಮುಗಿಸಿದ್ರೋ ಇಲ್ಲೋ, ಸೆರಗು ಕಟ್ಟಿ ನಿಂತಿರಬೇಕು.

ಏನು ಮಾಡಿದ್ರು ಅಂತ ಕೇಳಿದ್ರ ಅದು ಈಗಿನ ಥ್ಯಾಂಕ್ಸ್‌ಗಿವಿಂಗ್ ಊಟದಂಗ ಇದ್ದಿಲ್ಲ. ಆಲೂಗಡ್ಡಿ ಆ ಭಾಗಕ್ಕ ಇನ್ನೂ ಬಂದಿದ್ದಿಲ್ಲ. ಬೆಣ್ಣಿ ಇಲ್ಲ, ಗೋಧಿ ಹಿಟ್ಟಿಲ್ಲ, ಸಕ್ಕರಿ ಇದ್ರ ಚಿಟಿಕಿಯಷ್ಟು. ಹಿಂಗಾಗಿ ಪೈ ಮಾಡೋ ಮಾತ ಇಲ್ಲ. ಕ್ರ್ಯಾನ್‌ಬೆರಿ ಅಲ್ಲೇ ಕೆಸರಿನೊಳಗ ಬೆಳೀತದ, ನಮ್ಮ ಕವಳಿಕಾಯಿಯಂಗ ಹುಳಿ, ಆದ್ರ ಸಕ್ಕರಿ ಇಲ್ಲದ ಸಿಹಿ ಸಾಸ್ ಹೆಂಗಾಗಬೇಕು? ಇದ್ದದ್ದು ಬಾತುಕೋಳಿಯಂಥ ಹಕ್ಕಿ, ಜಿಂಕಿ, ಮೀನು, ಚಿಪ್ಪು, ಕುಂಬಳದ ಜಾತಿಯ ಕಾಯಿಗಳು, ಮತ್ತ ಮುಖ್ಯ ಗೋವಿನಜೋಳ. ವಾಂಪನೋಆಗ್ ಮಂದಿ ಅದನ್ನ ಕುಟ್ಟಿ ನೀರಿನೊಳಗ ಕುದಿಸಿ ನಸಾಂಪ್ ಅಂತ ಗಂಜಿ ಮಾಡ್ತಿದ್ರು. ಓದಿದ ಕೂಡಲೆ ನನಗ ನಮ್ಮ ಜೋಳದ ನುಚ್ಚ ಕಣ್ಣ ಮುಂದ ಬಂತು, ಮಜ್ಜಿಗಿ ಒಂದು ಕಡಿಮಿ.

ಗೋವಿನಜೋಳ ಹಾಕೋದು ಕಲಿಸಿದವ ಟಿಸ್ಕ್ವಾಂಟಮ್. ಶಾಲಿ ಪುಸ್ತಕದೊಳಗ ಸ್ಕ್ವಾಂಟೋ ಅಂತ ಇರತದ, ಬೀಜದ ಜೋಡಿ ಮೀನು ಹೂಳಿ ಗೊಬ್ಬರಾ ಮಾಡೋದು ತೋರಿಸಿಕೊಟ್ಟ ಒಳ್ಳೆ ಮನಶ್ಯಾ ಅಂತ. ಅವ ಇಂಗ್ಲಿಷ್ ಎಲ್ಲೆ ಕಲತ ಅನ್ನೋದನ್ನ ಮಕ್ಕಳಿಗೆ ಭಾಳ ಕಡೆ ಹೇಳಂಗಿಲ್ಲ. 1614ರೊಳಗ ಒಬ್ಬ ಇಂಗ್ಲಿಷ್ ಹಡಗಿನವ ಅವನನ್ನ ಮೋಸಲೆ ಹಿಡಕೊಂಡು ಹೋಗಿ ಸ್ಪೇನಿನೊಳಗ ಗುಲಾಮನಂತ ಮಾರಿದ. ಅಲ್ಲಿಂದ ಹೆಂಗೋ ಪಾರಾಗಿ, ಇಂಗ್ಲೆಂಡಿನೊಳಗ ಇದ್ದು, 1619ಕ್ಕ ತನ್ನ ಊರು ಪಟಕ್ಸೆಟ್‌ಗೆ ತಿರುಗಿ ಬಂದ. ಊರ ಇಲ್ಲ. ಮೂರು ವರ್ಷದ ಸಾಂಕ್ರಾಮಿಕ ಜಡ್ಡಿಗೆ ಇಡೀ ಊರು ಸತ್ತಿತ್ತು. ಆ ಖಾಲಿ ಊರಿನ ಮ್ಯಾಲೆನ ಪ್ಲಿಮತ್ ಕಟ್ಟಿದ್ದು. ಹೊಲಾ ಮೊದಲ ಹಸನ ಇತ್ತು. ವಾಂಪನೋಆಗ್ ಮಂದಿಯೊಳಗ ಗೋವಿನಜೋಳ ಬೆಳಿಯೋದು ಹೆಂಗಸರ ಕೆಲಸ. ಅಂದ್ರ ಆ ಹೊಲಾ ಹಸನ ಮಾಡಿದಾಕಿ ಅವನ ಅವ್ವ ಇರಬಹುದು, ಅಕ್ಕ ಇರಬಹುದು. ಆ ಊಟಕ್ಕ ಅವರ ಕೈನೂ ಹತ್ತೇದ.

ಮುಂದ ಏನಾತು ಅನ್ನೋದನ್ನ ಬಿಟ್ಟ ಹೇಳಿದ್ರ ಕತಿ ಸುಳ್ಳಾಗತದ. ಮ್ಯಾಸಸಾಯಿಟ್ ಇರೋತನಕ ಎರಡೂ ಕಡೆ ಮಾತು ಉಳಿಸಿಕೊಂಡ್ರು. ಅವನ ಮಗ ಮೆಟಕಾಮ್‌ನ ಕಾಲಕ್ಕ, 1675-76ರೊಳಗ, ಭೂಮಿಯ ಸಲುವಾಗಿ ದೊಡ್ಡ ಯುದ್ಧ ಆತು. ಆಗ ಪ್ಲಿಮತ್‌ನ ಗವರ್ನರ್ ಯಾರು ಅಂತೀರಿ? ಜೋಸಾಯಾ ವಿನ್ಸ್ಲೋ, ಎಡ್ವರ್ಡ್ ಮತ್ತ ಸುಸಾನಾ ಅವರ ಮಗ. 1621ರೊಳಗ ಬಡಿಸಿದಾಕಿ ಮಗ ಒಂದು ಕಡೆ, ಉಂಡಾವನ ಮಗ ಇನ್ನೊಂದು ಕಡೆ. ಮೆಟಕಾಮ್‌ನ ಕೊಂದು ತಲಿ ಕಡದು ಪ್ಲಿಮತ್‌ನೊಳಗ ಕಂಬಕ್ಕ ಏರಿಸಿದ್ರು, ವರ್ಷಗಟ್ಲೆ ಅದು ಅಲ್ಲೇ ಇತ್ತು. ಅವನ ಹೆಂಡತಿನ್ನ, ಸಣ್ಣ ಮಗನನ್ನ ಹಿಡದು, ಆ ಹುಡುಗನನ್ನ ಗುಲಾಮಗಿರಿಗೆ ಮಾರಿದ್ರು. ಗೆದ್ದ ಸಲುವಾಗಿ ಅವತ್ತು ಆಚರಿಸಿದ ದಿನಕ್ಕೂ ಹೆಸರು ಥ್ಯಾಂಕ್ಸ್‌ಗಿವಿಂಗ್ ಅಂತನ. ಇವತ್ತಿಗೂ ಈ ಗುರುವಾರ ಪ್ಲಿಮತ್‌ನೊಳಗ ಮೂಲನಿವಾಸಿಗಳು ಸೇರಿ ಶೋಕದ ದಿನ ಅಂತ ಮಾಡ್ತಾರ. 1970ರೊಳಗ ಹಡಗು ಬಂದ 350ನೇ ವರ್ಷದ ಸಮಾರಂಭಕ್ಕ ವಾಂಸುಟಾ ಫ್ರ್ಯಾಂಕ್ ಜೇಮ್ಸ್ ಅನ್ನೋ ವಾಂಪನೋಆಗ್ ಹಿರಿಯನನ್ನ ಭಾಷಣಕ್ಕ ಕರದು, ಬರದ ಮಾತು ಮೊದಲ ನೋಡಿ, ಇದು ಬ್ಯಾಡ ಅಂದ್ರು. ಅವರು ಗುಡ್ಡದ ಮ್ಯಾಲೆ ನಿಂತು ಮಾತಾಡಿದ್ರು. ಅಲ್ಲಿಂದ ಶುರು. ಅವತ್ತು ಅವರೊಳಗ ಉಪವಾಸ ಇರೋವರೂ ಇದ್ದಾರ. ನನ್ನ ಮಗಳು ಶಾಲಿಯಿಂದ ಕಾಗದದ ಗರಿ ಹಚಗೊಂಡು ಬಂದ ವರ್ಷ ಇದನ್ನೆಲ್ಲಾ ಆಕೀಗೆ ಹೇಳಿದೆ. ಸಣ್ಣಾಕಿಗೆ ಇಷ್ಟು ಯಾಕ ಅಂತ ಮನ್ಯಾಗ ಅಂದ್ರು. ನಾವು ಮಹಾಭಾರತ ಹೇಳುವಾಗ ಏನು ಬಿಟ್ಟೀವಿ?

ಇನ್ನ, 1621ರ ಊಟಕ್ಕ ಅವರು ಆಗ ಥ್ಯಾಂಕ್ಸ್‌ಗಿವಿಂಗ್ ಅಂದ ಇದ್ದಿಲ್ಲ. ಅವರ ಭಾಷಾದೊಳಗ ಆ ಶಬ್ದಕ್ಕ ಚರ್ಚಿನೊಳಗ ದಿನವಿಡೀ ಪ್ರಾರ್ಥನಾ ಅಂತ ಅರ್ಥ. 1623ರೊಳಗ ಮಳಿ ಇಲ್ಲದ ಬೆಳಿ ಒಣಗಲಿಕ್ಕೆ ಹತ್ತಿದಾಗ ಉಪವಾಸ ಮಾಡಿ ಬೇಡಿಕೊಂಡ್ರು, ಮಳಿ ಬಂತು, ಆಮ್ಯಾಲೆ ಥ್ಯಾಂಕ್ಸ್‌ಗಿವಿಂಗ್ ದಿನಾ ಮಾಡಿದ್ರು. ನಮ್ಮ ಕಡೆ ಗುರ್ಜಿ ಹೊತ್ತು ಮನಿ ಮನಿಗೆ ಬರ್ತಿದ್ರಲ್ಲ, ಆಕಾಶಾ ನೋಡೋ ಮಂದಿ ಎಲ್ಲಾ ಕಡೆ ಒಂದ. ವಿನ್ಸ್ಲೋನ ಪತ್ರಾ ಮರತುಹೋಗಿತ್ತು. 1841ರೊಳಗ ಅದನ್ನ ಮತ್ತ ಛಾಪಿಸಿದ ಅಲೆಕ್ಸಾಂಡರ್ ಯಂಗ್ ಅನ್ನೋ ಪಾದ್ರಿ, ಕೆಳಗ ಟಿಪ್ಪಣಿಯೊಳಗ ಇದ ಮೊದಲನೇ ಥ್ಯಾಂಕ್ಸ್‌ಗಿವಿಂಗ್ ಅಂತ ಬರದ. ಎರಡು ನೂರು ವರ್ಷದ ಮ್ಯಾಲೆ ಇಟ್ಟ ಹೆಸರು!

ಹಂಗಾದ್ರ ನಾವು ಈಗ ಮಾಡೋ ಮನಿ ಹಬ್ಬ ಎಲ್ಲಿಂದ ಬಂತು? ಅದು ಬಂದದ್ದು ನ್ಯೂ ಇಂಗ್ಲೆಂಡಿನ ಅಡಿಗಿಮನಿಗಳಿಂದ. ಚರ್ಚಿನಿಂದ ಬಂದವರಿಗೆ ಉಣ್ಣಲಿಕ್ಕೆ ಏನರೆ ಬೇಕಲ್ಲ, ಆ ಊಟ ನಿಧಾನಕ್ಕ ದೊಡ್ಡದಾಗಿ ಪ್ರಾರ್ಥನಾನ್ನ ಹಿಂದ ಹಾಕಿತು. 1796ರೊಳಗ ಅಮೀಲಿಯಾ ಸಿಮ್ಮನ್ಸ್ ಅನ್ನೋ ಹೆಣ್ಣುಮಗಳು ಹಾರ್ಟ್‌ಫರ್ಡ್ ಊರಾಗ ಅಡಿಗಿ ಪುಸ್ತಕ ಛಾಪಿಸಿದ್ಲು. ಅಮೆರಿಕದವರ ಬರದು ಅಲ್ಲೇ ಛಾಪಿಸಿದ ಮೊದಲನೇ ಅಡಿಗಿ ಪುಸ್ತಕ ಅದ. ಟರ್ಕಿ ಕೋಳಿ ಜೋಡಿ ಕ್ರ್ಯಾನ್‌ಬೆರಿ ಸಾಸ್, ಹಿಟ್ಟಿನ ಹಾಳಿಯೊಳಗ ತುಂಬಿ ಬೇಯಿಸಿದ ಸಿಹಿ ಕುಂಬಳಕಾಯಿ, ಎಲ್ಲಾ ಅದರೊಳಗ ಅವ. ಪುಸ್ತಕದ ಮೊದಲನೇ ಪುಟದಾಗ ತನ್ನ ಹೆಸರಿನ ಕೆಳಗ 'ಅಮೆರಿಕದ ಒಬ್ಬ ಅನಾಥೆ' ಅಂತ ಹಾಕ್ಯಾಳ. ಆಕಿ ಬಗ್ಗೆ ಬ್ಯಾರೆ ಸುದ್ದಿನ ಸಿಗಂಗಿಲ್ಲ. ಮನಿ ಇಲ್ಲದಾಕಿ ಬರದ ಪುಸ್ತಕಲೆ ದೇಶದ ಮನಿ ಅಡಿಗಿ ಶುರು ಆತು.

ಆದ್ರ ಇದನ್ನ ಇಡೀ ದೇಶದ ಹಬ್ಬ ಮಾಡಿದಾಕಿ ಸಾರಾ ಜೋಸೆಫಾ ಹೇಲ್. ಈಕಿ ಬಗ್ಗೆ ನಾಲ್ಕು ಮಾತು ಹೆಚ್ಚಿಗಿನ ಬರೀತೀನಿ. ಹುಟ್ಟಿದ್ದು 1788, ನ್ಯೂಹ್ಯಾಂಪ್‌ಶರ್ ರಾಜ್ಯದ ನ್ಯೂಪೋರ್ಟ್ ಊರು. ಹುಡಿಗ್ಯಾರಿಗೆ ಕಾಲೇಜು ಇಲ್ಲದ ಕಾಲ. ಅಣ್ಣ ಕಾಲೇಜಿನೊಳಗ ಕಲತಿದ್ದನ್ನ ಮನಿಗೆ ಬಂದು ತಂಗಿಗೆ ಕಲಿಸ್ತಿದ್ದ. ವಕೀಲನ ಜೋಡಿ ಲಗ್ನಾ ಆತು. 1822ರೊಳಗ ಗಂಡ ತೀರಿಕೊಂಡಾಗ ನಾಲ್ಕು ಮಕ್ಕಳು ಕೈಯಾಗ, ಐದನೇದು ಹೊಟ್ಟ್ಯಾಗ. ಅವತ್ತು ಉಟ್ಟ ಕರೀ ಅರಿವಿ ಸಾಯೋತನಕ ಬಿಡಲಿಲ್ಲ, 56 ವರ್ಷ. ನಾದಿನಿ ಜೋಡಿ ಕೂಡಿ ಹೆಂಗಸರ ಟೊಪಗಿ ಅಂಗಡಿ ಹಾಕಿದ್ಲು, ನಡೀಲಿಲ್ಲ. ಬರದು ಬದುಕೋದು ಅಂತ ನಿರ್ಧಾರಾ ಮಾಡಿದ್ಲು. 1827ರೊಳಗ ಬಂದ 'ನಾರ್ತ್‌ವುಡ್' ಅನ್ನೋ ಕಾದಂಬರಿಯೊಳಗ ಥ್ಯಾಂಕ್ಸ್‌ಗಿವಿಂಗ್ ಊಟದ್ದ ಒಂದು ಅಧ್ಯಾಯ ಅದ. ಮೇಜಿನ ತುದಿಗೆ ಟರ್ಕಿ, ಅದರ ಸುತ್ತ ಬ್ಯಾರೆ ಮಾಂಸ, ಕೋಳಿ ಪೈ, ಕುಂಬಳಕಾಯಿ ಪೈ, ಉಪ್ಪಿನಕಾಯಿ, ಎಲ್ಲಾದರ ವರ್ಣನಾ. ಈಗಿನ ಮೇಜಿನ ನಕಾಶಾ ಅಲ್ಲೇ ಅದ. ನಾವೆಲ್ಲಾ ಸಣ್ಣವರಿದ್ದಾಗ ಹಾಡಿದ ಮೇರಿ ಮತ್ತ ಕುರಿಮರಿ ಪದ್ಯ ಅದಲ್ಲ, ಅದನ್ನ 1830ರೊಳಗ ಪ್ರಕಟ ಮಾಡಿದಾಕಿನೂ ಈಕಿನ.

1837ರಿಂದ 'ಗೋಡೀಸ್ ಲೇಡೀಸ್ ಬುಕ್' ಅನ್ನೋ ಹೆಂಗಸರ ಪತ್ರಿಕಾದ ಸಂಪಾದಕಿ ಆಗಿ 40 ವರ್ಷ ಇದ್ಲು. ಫ್ಯಾಷನ್, ಹೊಲಿಗಿ, ಅಡಿಗಿ, ಕತಿ; 1860ರ ಹೊತ್ತಿಗೆ ಅದರ ಒಂದೂವರಿ ಲಕ್ಷ ಪ್ರತಿ ಹೋಗ್ತಿದ್ವು. ಆಗ ಥ್ಯಾಂಕ್ಸ್‌ಗಿವಿಂಗ್ ಒಂದೊಂದು ರಾಜ್ಯಕ್ಕ ಒಂದೊಂದು ದಿನ, ದಕ್ಷಿಣದ ಕಡೆ ಭಾಳ ಮಂದಿಗೆ ಗೊತ್ತ ಇಲ್ಲ. ಎಲ್ಲಾರಿಗೂ ಒಂದ ಗುರುವಾರ ಆಗಬೇಕು ಅಂತ ಈಕಿ ವರ್ಷಾ ವರ್ಷಾ ಬರದ್ಲು. ಗವರ್ನರುಗಳಿಗೆ ಪತ್ರಾ, ಒಬ್ಬರಾದ ಮ್ಯಾಲೊಬ್ಬರು ರಾಷ್ಟ್ರಾಧ್ಯಕ್ಷರಿಗೆ ಪತ್ರಾ. ನವೆಂಬರ್ ಸಮೀಪ ಬಂದಂಗ ಪತ್ರಿಕಾದೊಳಗ ಹಬ್ಬದ ಅಡಿಗಿ, ಹಬ್ಬದ ಕತಿ. ವರ್ಜೀನಿಯಾದ ಗವರ್ನರ್ 1856ರೊಳಗ ಇದೆಲ್ಲಾ ನಾಟಕಾ ಅಂತ ಬರದು ತಿರಸ್ಕಾರ ಮಾಡಿದ. ಗುಲಾಮಗಿರಿ ವಿರುದ್ಧ ಮಾತಾಡೋ ಪಾದ್ರಿಗಳಿಗೆ ಇದು ವೇದಿಕೆ ಆಗತದ ಅಂತ ಅವನ ಸಿಟ್ಟು. 1863ರ ಸೆಪ್ಟೆಂಬರ್ 28ಕ್ಕ, ದೇಶದೊಳಗ ಅಂತರ್ಯುದ್ಧ ನಡದಾಗ, 74 ವರ್ಷದ ಈಕಿ ಅಬ್ರಹಾಂ ಲಿಂಕನ್‌ಗೆ ಬರದ್ಲು. ಗೆಟಿಸ್‌ಬರ್ಗ್ ಯುದ್ಧದೊಳಗ ಸಾವಿರಾರು ಹುಡುಗರು ಸತ್ತು ಇನ್ನೂ ಮೂರು ತಿಂಗಳು ತುಂಬಿದ್ದಿಲ್ಲ. ಅಕ್ಟೋಬರ್ 3ಕ್ಕ ಲಿಂಕನ್ ಹುಕುಂ ಹೊರಡಿಸಿದ: ನವೆಂಬರಿನ ಕಡೀ ಗುರುವಾರ ಇಡೀ ದೇಶಕ್ಕ ಥ್ಯಾಂಕ್ಸ್‌ಗಿವಿಂಗ್. ಅದರೊಳಗ ವಿಧವೆಯರು, ಅನಾಥರು, ನೊಂದವರು ಎಲ್ಲಾರನ್ನೂ ನೆನಸ್ಯಾರ. ಹೇಲ್‌ಳ ಹೆಸರಿಲ್ಲ.

ಆಕೀನ್ನ ಹೊಗಳಿಕೋತ ಕೂಡಬೇಕಂತ ನಾ ಹೇಳಂಗಿಲ್ಲ. ಹೆಂಗಸರಿಗೆ ಕಾಲೇಜು ಬೇಕು ಅಂತ ಬಡದಾಡಿದಾಕಿ, ಮತದಾನ ಬ್ಯಾಡ ಅಂದ್ಲು. ಮನಿಯೇ ಹೆಂಗಸರ ರಾಜ್ಯ ಅನ್ನೋ ಮಾತಿನ ಮ್ಯಾಲೆನ ಆಕಿ ಪತ್ರಿಕಾ ನಡೀತಿತ್ತು. ಹಬ್ಬದ ಭಾರ ಪೂರಾ ಹೆಂಗಸರ ತಲಿ ಮ್ಯಾಲೆ ಬಂದು ಕೂತದ್ದಕ್ಕ ಆಕೀದೂ ಪಾಲು ಅದ. ಆದ್ರ ಇದನ್ನೂ ನೋಡ್ರಿ: ಮತ ಹಾಕಲಿಕ್ಕೆ ಹಕ್ಕಿಲ್ಲದ ಒಬ್ಬ ವಿಧವೆ, ಪತ್ರಾ ಬರದು ಬರದು, ದೇಶದ ಪಂಚಾಂಗದೊಳಗ ಒಂದು ಹಬ್ಬ ಸೇರಿಸಿದ್ಲು.

ಮುಂದಿನ ಬದಲಾವಣಿ ಲಗೂನ ಹೇಳಿ ಮುಗಸ್ತೀನಿ. 1939ರೊಳಗ ರೂಸ್‌ವೆಲ್ಟ್ ಅಂಗಡಿಯವರ ವ್ಯಾಪಾರ ಬೆಳೀಲಿ ಅಂತ ಹಬ್ಬಾ ಒಂದು ವಾರ ಹಿಂದ ತಂದ್ರು. ಅರ್ಧಾ ರಾಜ್ಯ ಒಪ್ಪಿದ್ವು, ಅರ್ಧಾ ಇಲ್ಲ. ನಮ್ಮಲ್ಲೆ ಏಕಾದಶಿ ಒಂದೊಂದು ಮಠಕ್ಕ ಒಂದೊಂದು ದಿನಾ ಬಂದಂಗ ಆತು. 1941ರೊಳಗ ನಾಲ್ಕನೇ ಗುರುವಾರ ಅಂತ ಕಾಯ್ದೆನ ಮಾಡಿದ್ರು. ಇನ್ನ ಎಲ್ಲಾರೂ 'ನಮ್ಮ ಅಜ್ಜಿ ಕಾಲದ್ದು' ಅನ್ನೋ ಹಸಿ ಬೀನ್ಸಿನ ಕ್ಯಾಸರೋಲ್, ಅದು 1955ರದು. ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡಿಗಿಮನ್ಯಾಗ ಡಾರ್ಕಸ್ ರೈಲಿ ಅನ್ನೋ ಹೆಣ್ಣುಮಗಳು, ಡಬ್ಬಿ ಸೂಪು ಖರ್ಚಾಗೋಹಂಗ ಹುಡುಕಿ ಮಾಡಿದ್ದು. ನಮ್ಮ ದೊಡ್ಡ ಮೌಶಿಗಿಂತ ಸಣ್ಣದು ಆ ಸಂಪ್ರದಾಯ.

ಟರ್ಕಿ ನಮ್ಮ ಮನ್ಯಾಗ ಬರಂಗಿಲ್ಲ ಅಂತ ನಿಮಗೆಲ್ಲಾ ಗೊತ್ತದ. ಆದ್ರೂ ಅದರ ಹೆಸರಿನ ಕತಿ ಬಿಡಲಿಕ್ಕೆ ಮನಸಾಗವಲ್ದು. ಹಕ್ಕಿ ಅಮೆರಿಕಾದ್ದು. ಇಂಗ್ಲಿಷರು ಅದು ತುರ್ಕಿ ದೇಶದ ಕಡಿಂದ ಬಂತು ಅಂತ ತಿಳದು ಟರ್ಕಿ ಅಂದ್ರು. ತುರ್ಕರು ಅದಕ್ಕ 'ಹಿಂದಿ' ಅಂತಾರ, ಅಂದ್ರ ಹಿಂದೂಸ್ಥಾನದ್ದು. ಫ್ರೆಂಚರ ಹೆಸರಿನ ಅರ್ಥನೂ ಭಾರತದ್ದು ಅಂತನ. ಡಚ್ಚರು 'ಕಾಲ್ಕೂನ್' ಅಂತಾರ, ನಮ್ಮ ಕಲ್ಲಿಕೋಟಿ ಹೆಸರಲೆ! ಯಾರದೂ ಅಲ್ಲದ ಹಕ್ಕಿ ಎಲ್ಲಾರೂ ಒಬ್ಬರ ಮ್ಯಾಲೊಬ್ಬರು ಹಾಕಿದಂಗ. ಖರೇನ ನಮ್ಮ ಕಡೆ ಅದು ಬಂದದ್ದು 1612ರೊಳಗ. ಪೋರ್ಚುಗೀಸರ ಗೋವಾದಿಂದ ಮುಕರಬ್ ಖಾನ್ ಅನ್ನೋ ಅಧಿಕಾರಿ ಜಹಾಂಗೀರ ಬಾದಶಹನಿಗೆ ತಂದು ಕೊಟ್ಟ. ಬಾದಶಹ ಅದರ ಬಣ್ಣಾ ಬದಲಾಗೋ ತಲಿ ನೋಡಿ ಬೆರಗಾಗಿ ಬರದಾನ, ಮನ್ಸೂರ್ ಅನ್ನೋ ಚಿತ್ರಗಾರನ ಕಡಿಂದ ಚಿತ್ರಾ ತಗಸ್ಯಾನ. ಪ್ಲಿಮತ್ ಊಟಕ್ಕಿಂತ ಒಂಬತ್ತು ವರ್ಷ ಮೊದಲ.

ಅದ ಗೋವಾದ ದಾರಿಲೆ ನಮ್ಮ ಅಡಿಗಿಮನಿಗೆ ಏನೇನು ಬಂದಾವ ಅಂತ ನೆನಸ್ರಿ. ಬ್ಯಾಡಗಿ ಮೆಣಸಿನಕಾಯಿಯ ಮೂಲ ಅಮೆರಿಕ. ಶೇಂಗಾ, ಆಲೂಗಡ್ಡಿ, ಟೊಮ್ಯಾಟೊ, ಗೋವಿನಜೋಳ, ಪೇರಲ, ಗೇರು, ಕೆಂಪು ಕುಂಬಳಕಾಯಿ, ಎಲ್ಲಾ ಆ ಕಡಿವು. ಬೂದುಗುಂಬಳ ಮಾತ್ರ ನಮ್ಮ ಕಡೇದು. ಯಾವ ಪುಸ್ತಕಾ ಓದದ ನಮ್ಮ ಅಜ್ಜಿಗೆ ಇದರೊಳಗ ಭಾಳಷ್ಟು ಗೊತ್ತಿತ್ತು ನೋಡ್ರಿ. ಶ್ರಾದ್ಧದ ಅಡಿಗಿಗೆ ಮೆಣಸಿನಕಾಯಿ ಇಲ್ಲ, ಮೆಣಸು; ಆಲೂಗಡ್ಡಿ ಇಲ್ಲ, ಟೊಮ್ಯಾಟೊ ಇಲ್ಲ. ಯಾಕ ಅಂದ್ರ ಪಿತೃಗಳಿಗೆ ಗೊತ್ತಿಲ್ಲದ್ದು ಬಡಸಬಾರದು ಅಂತಿದ್ಲು. ಯಾವುದು ಹಿಂದಾಗಡೆ ಬಂತು ಅನ್ನೋದನ್ನ ನಾಲ್ಕು ನೂರು ವರ್ಷ ಹೆಂಗಸರು ಶ್ರಾದ್ಧದ ಒಲಿ ಮುಂದ ನೆನಪಿಟ್ಟಕೊಂಡು ಬಂದಾರ.

ಹಿಂಗಾಗಿ ಥ್ಯಾಂಕ್ಸ್‌ಗಿವಿಂಗ್‌ಗೆ ನಾವು ಕುಂಬಳಕಾಯಿ ಗಾರಿಗಿ ಮಾಡಿದ್ರ ಅದು ಹೊರಗಿನದು ಅಂತ ನನಗೇನ ಅನ್ನಸಂಗಿಲ್ಲ. ಕುಂಬಳಕಾಯಿ ಹೆರದು ಬೆಲ್ಲದಾಗ ಬೇಯಿಸಿ, ಗೋಧಿ ಹಿಟ್ಟು, ಚೂರು ಅಕ್ಕಿ ಹಿಟ್ಟು, ಯಾಲಕ್ಕಿ ಹಾಕಿ ಕಲಸಿ, ಗಸಗಸಿ ಒತ್ತಿ ತಟ್ಟಿ ಕರದದ್ದು. ಅವರ ಪೈಗೆ ಇದು ದಾಯಾದಿ. ಇಲ್ಲಿ ಡಬ್ಬ್ಯಾಗ ಬರೋ ಕುಂಬಳಕಾಯಿ ಭಾಳ ಮೆತ್ತಗ, ಹಿಟ್ಟು ಕುಡದು ಬಿಡತದ. ಬಟರ್‌ನಟ್ ಅಂತ ಉದ್ದನ್ನ ಕಾಯಿ ಸಿಗತದಲ್ಲ, ಅದ ಛಲೋ. ಕ್ರ್ಯಾನ್‌ಬೆರಿಗೆ ಬೆಲ್ಲಾ, ಬ್ಯಾಡಗಿ ಖಾರ, ಇಂಗು-ಸಾಸಿವಿ ಒಗ್ಗರಣಿ ಹಾಕಿ ಚಟ್ನಿ ಮಾಡ್ತೀನಿ, ಕವಳಿಕಾಯಿ ಚಟ್ನಿ ನೆನಪಾಗೋಹಂಗ. ಎಣಗಾಯಿ, ರೊಟ್ಟಿ, ಶೇಂಗಾ ಚಟ್ನಿ ಇದ್ದ ಇರತಾವ. ಬಂದವರು ಎಲ್ಲಾರೂ ಹಿಂಗನ ಮಾಡ್ಯಾರ. ಇಟಲಿಯವರ ಮನ್ಯಾಗ ಟರ್ಕಿಗಿಂತ ಮೊದಲ ಲಸಾನ್ಯ ಬಡಸ್ತಾರ. ಬಾಲ್ಟಿಮೋರ್ ಊರಿನೊಳಗ ಜರ್ಮನರು ತಂದ ಹುಳಿ ಬರಿಸಿದ ಕ್ಯಾಬೇಜ್ ಇಲ್ಲದ ಹಬ್ಬಿಲ್ಲ. ಕರಿಯರ ಮನಿಗಳೊಳಗ ಕುಂಬಳಕ್ಕಿಂತ ಗೆಣಸಿನ ಪೈಗೆ ಮಾನ ಹೆಚ್ಚು. ನಮ್ಮವರು ಬರಲಿಕ್ಕೆ ಹತ್ತಿದ್ದು ತಡಾ ಆಗಿ. 1946ರಿಂದ ಭಾರತದವರಿಗೆ ವರ್ಷಕ್ಕ ಬರೇ 100 ಮಂದಿಗೆ ಅವಕಾಶ ಇತ್ತು. ಆ ಬಾಗಲಾ ತಗದ ಕಾಯ್ದೆಗೆ ಸಹಿ ಬಿದ್ದದ್ದು 1965ರ ಅಕ್ಟೋಬರ್ 3ಕ್ಕ. ಲಿಂಕನ್‌ನ ಹುಕುಂ ಹೊಂಟದ್ದೂ ಅಕ್ಟೋಬರ್ 3. 1789ರೊಳಗ ವಾಷಿಂಗ್ಟನ್ ಮೊದಲನೇ ಸಲ ಹೊರಡಿಸಿದ್ದೂ ಅಕ್ಟೋಬರ್ 3. ಇದು ಬರೇ ಕಾಕತಾಳೀಯ, ಆದ್ರ ಅಬಚಿಗೆ ಹೇಳಿದ್ರ ಯಾವ ನಕ್ಷತ್ರ ಅಂತ ಕೇಳೇ ಕೇಳ್ತಾರ.

ಹೋದ ವರ್ಷ ಊರಿಗೆ ಬಂದಾಗ ಅಜ್ಜನ ಖರ್ಚಿನ ವಹಿ ಕಾಕಾ ನನ್ನ ಕೈಗೆ ಕೊಟ್ರು. 1951ರೊಳಗ ಹಿರೇ ಕಾಕಾನ ಮುಂಜಿವಿದು. ಅಕ್ಕಿ ಎಷ್ಟು, ತೊಗರಿಬ್ಯಾಳಿ ಎಷ್ಟು, ಬೆಲ್ಲ ಎಷ್ಟು ಪೆಂಟಿ, ಬಾಳಿ ಎಲಿ 400, ಭಟ್ಟರ ದಕ್ಷಿಣಾ, ಊದೋವರ ಪಗಾರ, ಹಂಡೆ ಕೊಟ್ಟವರ ಹೆಸರು, ಚಕ್ಕಡಿ ಕೊಟ್ಟವರ ಹೆಸರು. ವಿನ್ಸ್ಲೋನ ಪತ್ರದಂಗ ಒಂದೂ ಬಿಟ್ಟಿಲ್ಲ. ಆ ಊಟದ ಅಡಿಗಿ ಮಾಡಿದವರು ಮೂರು ಮಂದಿ ಅಂತ ನಮ್ಮವ್ವ ಹೇಳ್ತಾಳ: ನಮ್ಮ ಅಜ್ಜಿ, ಅಜ್ಜಿಯ ನೆಗೆಣ್ಣಿ, ಮತ್ತ ಮಡಿ ಅತ್ಯಾ. ವಹಿಯೊಳಗ ಮೂವರೂ ಇಲ್ಲ. ಮಡಿ ಅತ್ಯಾ ಅಂದ್ರ ಅಜ್ಜನ ಅಕ್ಕ. ಹದಿನಾಲ್ಕಕ್ಕ ಗಂಡನ್ನ ಕಳಕೊಂಡು, ತಲಿ ತಗಸಿ, ಕೆಂಪು ಸೀರಿ ಉಡಿಸಿ ತವರಮನಿಗೆ ತಂದು ಬಿಟ್ಟಿದ್ರು. 400 ಎಲಿಗೆ ಹೋಳಿಗಿ ಮಾಡಿದಾಕಿ, ಅಕ್ಷತಾ ಹಾಕೋ ಹೊತ್ತಿಗೆ ಹೊರಗ ಬರೋಹಂಗ ಇದ್ದಿಲ್ಲ, ಒಲಿ ಮುಂದನ ಕೂತಿದ್ಲು ಅಂತ. ಸಾರಾ ಹೇಲ್‌ಳ ಕರೀ ಅರಿವಿ ಬಗ್ಗೆ ಓದೋವಾಗೆಲ್ಲಾ ನನಗ ಆ ಕೆಂಪು ಸೀರಿ ನೆನಪಾಗತದ. ಹೇಲ್‌ಗೆ ಪೆನ್ನು ಸಿಕ್ಕಿತ್ತು.

ಆ ವಹಿಯ ಕಡೀ ಪುಟದೊಳಗ ಜಾಗಾ ಖಾಲಿ ಅದ. ಅಲ್ಲೆ ಮೂವರ ಹೆಸರು ಬರೀಬೇಕು ಅಂತ ಕಾಕಾನ್ನ ಕೇಳೀನಿ, ಹೂಂ ಅಂದಾರ. ಅಜ್ಜಿದು ಲಗ್ನದ ಹೆಸರೂ ಗೊತ್ತದ, ತವರಮನಿ ಹೆಸರೂ ಗೊತ್ತದ. ನೆಗೆಣ್ಣಿ ಹೆಸರು ಬೆಳಗಾವಿ ವೈನಿ ಹುಡುಕಿ ಕೊಟ್ರು. ಮಡಿ ಅತ್ಯಾನ ಹೆಸರು ಮಾತ್ರ ಯಾರಿಗೂ ಬರವಲ್ದು. ಎಲ್ಲಾರೂ ಮಡಿ ಅತ್ಯಾ, ಮಡಿ ಅಜ್ಜಿ ಅಂತನ ಕರದವರು. ಲಗ್ನಾ ಆದ ಮನಿ ಗದಗಿನ ಕಡೇದಂತ. ಗದಗಿನ ಅಜ್ಜಂದಿರ ಮನಿಯೊಳಗ ಹಳೇ ಲಗ್ನಪತ್ರಿಕಾ, ವಂಶಾವಳಿ ಏನರೆ ಇದ್ರ ಯಾರರೆ ಒಮ್ಮೆ ಪೆಟಗಿ ತಗದು ನೋಡ್ರಿ. ಫೋಟೋ ತಗದು ಕಳಿಸಿದ್ರೂ ಸಾಕು. ಈ ಸಲ ನಮ್ಮ ಮನ್ಯಾಗ 22 ಎಲಿ, ಗುರುವಾರದೊಳಗ ಸಿಕ್ರ ಛಲೋ, ಇಲ್ಲಂದ್ರ ಆಮ್ಯಾಲೆ ಸಿಕ್ರೂ ನಡೀತದ.